ಡಿವಿಡಿ ರೈಟರ್ ಬಯಾಸ್‌ನಲ್ಲಿ ಕಾಣುತ್ತದೆ, ವಿಂಡೋಸ್‌ಗೂ ಬರ್ನಿಂಗ್ ಸಾಫ್ಟ್‌ವೇರ್‌ಗೂ ಕಾಣುತ್ತಿಲ್ಲ. ಏನು ಮಾಡಲಿ?

ನವನಗರ ವಿಡಿಯೊ (ಬಾಗಲಕೋಟೆ)
ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ನನ್ನದು ಚಿಕ್ಕ ಫೋಟೊ-ವಿಡಿಯೊ ಸ್ಟುಡಿಯೊ. ಅಲ್ಲಿನ ಡೆಸ್ಕ್‌ಟಾಪ್‌ನಲ್ಲಿ ಸಾಟಾ ಡಿವಿಡಿ ರೈಟರ್ ಇದೆ. ವಿಂಡೋಸ್ 7 ಇದ್ದಾಗ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಆದ ಮೇಲೆ ಶುರುವಾಯಿತು ಕಾಟ. ಬರ್ನಿಂಗ್ ಸಾಫ್ಟ್‌ವೇರ್ ತೆರೆದರೆ ರೆಕಾರ್ಡರ್ ಸಿಗಲಿಲ್ಲ ಅನ್ನುತ್ತದೆ. ದಿಸ್ ಪಿಸಿಯಲ್ಲಿ ಡ್ರೈವ್‌ನ ಐಕಾನೇ ಇಲ್ಲ. ಆದರೆ ಬಟನ್ ಒತ್ತಿದರೆ ಟ್ರೇ ಹೊರಗೆ ಬರುತ್ತದೆ, ಡಿಸ್ಕ್ ಹಾಕಿದರೆ ಗುಂಯ್ ಅಂತ ತಿರುಗುತ್ತದೆ, ಮುಂದಿನ ದೀಪವೂ ಮಿಣುಕುತ್ತದೆ. ಬಯಾಸ್‌ಗೆ (ವಿಂಡೋಸ್ ಏಳುವ ಮೊದಲೇ ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋದರೆ ಹೆಸರು ಸಮೇತ ಕಾಣುತ್ತದೆ.

ಅರ್ಜೆಂಟ್ ಯಾಕೆ ಅಂದರೆ, ನಮ್ಮ ಹಳ್ಳಿಯ ದೊಡ್ಡಾಟ ಮೇಳದ ಹಳೇ ಮಿನಿ ಡಿವಿ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿದ್ದೇನೆ. ರಾತ್ರಿಯಿಡೀ ನಡೆದ ಆಟ ಅದು. ಅದರಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿದವರು ಈಗ ಮನೆಯಲ್ಲಿ ಕೂತ ಮುದುಕರು. ಜಾತ್ರೆಗೆ ಮೊದಲು ಅವರಿಗೆಲ್ಲ ಒಂದೊಂದು ಡಿವಿಡಿ ಸೆಟ್ ಮಾಡಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅಂಗಡಿಯವರು ಡ್ರೈವ್ ಹೋಗಿದೆ, ಹೊಸದು ಹಾಕಿಸಿ ಅಂದರು. ಟ್ರೇ ಬರುತ್ತದೆ, ಡಿಸ್ಕ್ ತಿರುಗುತ್ತದೆ, ಬಯಾಸ್‌ಗೆ ಕಾಣುತ್ತದೆ ಅಂದ ಮೇಲೆ ಹೇಗೆ ಹೋಗಿರುತ್ತದೆ? ನನಗೆ ಒಪ್ಪಿಗೆಯಾಗುತ್ತಿಲ್ಲ.

ಜೋಳದ ರೊಟ್ಟಿ
ಫಾರ್ಮ್ಯಾಟ್ ಹೊಡೀರಿ. ಎಲ್ಲ ಸರಿ ಹೋಗುತ್ತದೆ.

ಟಿಳಕವಾಡಿ (ಬೆಳಗಾವಿ)
ರೊಟ್ಟಿ ಅವರೇ, ಎಲ್ಲದಕ್ಕೂ ಫಾರ್ಮ್ಯಾಟ್ ಒಂದೇ ಮದ್ದಲ್ಲ. ಅವರ ಮಿಷಿನ್‌ನಲ್ಲಿ ಜನರ ಮದುವೆ ವಿಡಿಯೊ ಎಲ್ಲ ಇರುತ್ತವೆ. ಮೊದಲು ರೋಗ ಯಾವುದು ಅಂತ ನೋಡೋಣ.

ನವನಗರ ಅವರೇ, ನಿಮ್ಮ ಅನುಮಾನ ಸರಿ ಇದೆ. ಬಯಾಸ್‌ಗೆ ಕಂಡಿದೆ ಅಂದರೆ ಪವರ್ ಬರುತ್ತಿದೆ, ಡೇಟಾ ಕೇಬಲ್ ಕೆಲಸ ಮಾಡುತ್ತಿದೆ, ಡ್ರೈವ್‌ನ ಬೋರ್ಡ್ ಮಾತಾಡುತ್ತಿದೆ. ಅಲ್ಲಿಂದ ಮೇಲೆ ವಿಂಡೋಸ್, ಅದರ ಮೇಲೆ ಸಾಫ್ಟ್‌ವೇರ್. ವಿಂಡೋಸ್‌ಗೇ ಕಾಣದ ಡ್ರೈವ್ ಸಾಫ್ಟ್‌ವೇರ್‌ಗೆ ಕಾಣುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ಬದಲಾಯಿಸುತ್ತಾ ಕೂರಬೇಡಿ. ಡಿವೈಸ್ ಮ್ಯಾನೇಜರ್ ತೆರೆದು ಡಿವಿಡಿ/ಸಿಡಿ-ರೋಮ್ ಡ್ರೈವ್ಸ್ ಅನ್ನುವುದನ್ನು ಬಿಡಿಸಿ. ಹೆಸರಿನ ಮೇಲೆ ಹಳದಿ ಗುರುತು ಇದೆಯಾ? ಇದ್ದರೆ ಪ್ರಾಪರ್ಟೀಸ್‌ನಲ್ಲಿ ಕೋಡ್ ನಂಬರ್ ಎಷ್ಟು ಅಂತ ಹೇಳಿ. ಇನ್ನೊಂದು ಮಾತು, ಆ ಮಿಷಿನ್‌ನಲ್ಲಿ ಮೊದಲು ಯಾವುದಾದರೂ ವರ್ಚುವಲ್ ಡ್ರೈವ್ ಸಾಫ್ಟ್‌ವೇರ್ ಇತ್ತಾ? ಐಎಸ್‌ಒ ಫೈಲನ್ನು (ಇಡೀ ಡಿಸ್ಕ್‌ನ ನಕಲು ಇರುವ ಒಂದೇ ಫೈಲ್) ಡಿಸ್ಕ್ ಹಾಗೆ ತೋರಿಸುತ್ತವಲ್ಲ, ಅಂಥದ್ದು.

ಹಳೇ ಪೆಂಟಿಯಂ (ಬೆಳಗಾವಿ)
ನಮ್ಮ ಕಾಲದಲ್ಲಿ ಡ್ರೈವ್ ಕಾಣಲಿಲ್ಲ ಅಂದರೆ ಮೊದಲು ನೋಡುತ್ತಿದ್ದದ್ದು ಜಂಪರ್, ಯಾವ ಡ್ರೈವ್ ಮಾಸ್ಟರ್ (ಮೊದಲನೆಯದು), ಯಾವುದು ಸ್ಲೇವ್ (ಎರಡನೆಯದು) ಅಂತ ಹೇಳುವ ಚಿಕ್ಕ ಕ್ಲಿಪ್. ಸಾಟಾಕ್ಕೂ ಮೊದಲಿನ ಅಗಲನೆ ಐಡಿಇ ಕೇಬಲ್ ಒಂದಕ್ಕೆ ಹಾರ್ಡ್ ಡಿಸ್ಕ್, ಸಿಡಿ ರೈಟರ್ ಎರಡನ್ನೂ ಹಾಕಿ, ಎರಡೂ ಮಾಸ್ಟರ್ ಅಂತ ಇದ್ದರೆ ಒಂದಾದರೂ ಮಾಯ. 80 ತಂತಿಯ ಕೇಬಲ್‌ನಲ್ಲಿ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ. ಖಡೇಬಜಾರ್ ಹತ್ತಿರ ಅಂಗಡಿ ಇಟ್ಟುಕೊಂಡಿದ್ದಾಗ ಹುಡುಗರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಇದು. ಎಕ್ಸ್‌ಪಿ ಕಾಲದಲ್ಲಿ ಇನ್ನೊಂದು ತೊಂದರೆ. ಕೇಬಲ್ ಸಡಿಲವಾಗಿ ಡೇಟಾ ದೋಷ ಬಂದರೆ ವಿಂಡೋಸ್ ತಾನಾಗಿ ಡಿಎಂಎ ಅನ್ನುವ ವೇಗದ ದಾರಿ ಬಿಟ್ಟು, ಪ್ರೊಸೆಸರ್ ಮೇಲೆ ಹೊರೆ ಹಾಕುವ ನಿಧಾನದ ಪಿಐಒಗೆ ಇಳಿಯುತ್ತಿತ್ತು. ಆಗ ರೈಟರ್ ಕಾಣುತ್ತಿತ್ತು, ಆದರೆ ಒಂದು ಸಿಡಿ ರೈಟ್ ಆಗುವಷ್ಟರಲ್ಲಿ ಇಡೀ ಮಿಷಿನ್ ಮಂಕಾಗುತ್ತಿತ್ತು.

ಸಾಟಾದಲ್ಲಿ ಜಂಪರ್ ಗೋಳು ಇಲ್ಲ, ನಿಜ. ಆದರೂ ಕ್ಯಾಬಿನೆಟ್ ಬಿಚ್ಚಿ ಆ ಕೆಂಪು ಕೇಬಲ್ ಎರಡೂ ಕಡೆ ಟಕ್ ಅಂತ ಕೂತಿದೆಯಾ ನೋಡಿ. ಕ್ಲಿಪ್ ಇಲ್ಲದ ಹಳೇ ಕೇಬಲ್ ಬಿಸಿಗೆ ಸಡಿಲವಾಗಿ ಜಾರುತ್ತದೆ.

ಟಿಳಕವಾಡಿ (ಬೆಳಗಾವಿ)
ಕಾಕಾ, ನೀವು ಹೇಳಿದ್ದು ಸರಿ, ಆದರೆ ಬಯಾಸ್‌ಗೆ ಪ್ರತಿ ಸಲ ಹೆಸರು ಸಮೇತ ಕಾಣುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಬೇಡ. ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ ಕೇಬಲ್.

ಪೆನ್ ಡ್ರೈವ್ ಪಾರ್ಟಿ
2025 ದಾಟಿದ ಮೇಲೂ ಡಿವಿಡಿ ಯಾಕೆ ಬೇಕು? ಒಂದು ಪೆನ್ ಡ್ರೈವ್‌ಗೆ ಎಲ್ಲ ಹಾಕಿ ಕೊಟ್ಟರೆ ಕೆಲಸ ಮುಗಿಯಿತು. ಯೂಟ್ಯೂಬ್‌ಗೆ ಹಾಕಿದರೆ ಇನ್ನೂ ಸುಲಭ. ಸೋನಿಯವರೇ 2025ರ ಫೆಬ್ರವರಿಗೆ ರೈಟ್ ಮಾಡುವ ಬ್ಲೂ-ರೇ ಡಿಸ್ಕ್ ತಯಾರಿ ನಿಲ್ಲಿಸಿದರು, ಅದರ ಜೊತೆ ಮಿನಿ ಡಿವಿ ಕ್ಯಾಸೆಟ್ಟೂ ನಿಂತಿತು. ಕಾಲ ಮುಗಿದಿದೆ.

ಅಮೀನಗಡ ಅಕ್ಕ
ಪಾರ್ಟಿಯವರೇ, ಎಲ್ಲರ ಮನೆಯನ್ನೂ ನಿಮ್ಮ ಮನೆ ಹಾಗೆ ನೋಡಬೇಡಿ. ನಾನು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಇವತ್ತಿಗೂ ಸಿಟಿ, ಎಂಆರ್‌ಐ ಮಾಡಿಸಿದವರಿಗೆ ಫಿಲಂ ಜೊತೆ ಸಿಡಿ ಕೊಡುತ್ತೇವೆ. ಅದನ್ನು ಹಿಡಿದುಕೊಂಡು ಅವರು ಸೊಲ್ಲಾಪುರಕ್ಕೋ ಮಿರಜಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಪೆನ್ ಡ್ರೈವ್ ಕೊಟ್ಟರೆ ಮನೆಯ ಹುಡುಗರು ಅಳಿಸಿ ಹಾಡು ತುಂಬಿಕೊಂಡಿರುತ್ತಾರೆ. ಬೇರೆಯವರ ಪೆನ್ ಡ್ರೈವ್ ಚುಚ್ಚಲು ಆಸ್ಪತ್ರೆಯವರೂ ಒಪ್ಪುವುದಿಲ್ಲ, ವೈರಸ್ ಭಯ. ಇನ್ನೇನೂ ಸೇರಿಸಲಾಗದಂತೆ ಮುಚ್ಚಿದ ಸಿಡಿಯಲ್ಲಿ ಯಾರೂ ಏನೂ ಅಳಿಸಲು ಆಗುವುದಿಲ್ಲ. ಅದೇ ಅದರ ಗುಣ.

ಆ ಮುದುಕರಿಗೆ ರಿಮೋಟ್‌ನ ಒಂದು ಬಟನ್ ಗೊತ್ತಿರುತ್ತದೆ. ಅವರಿಗೆ ಯೂಟ್ಯೂಬ್ ಹುಡುಕಿ ಅಂದರೆ ಹೇಗೆ?

ವಿಜಯಪುರ ಗುಮಾಸ್ತ
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ವಕೀಲರ ಆಫೀಸಿನಲ್ಲಿದ್ದೇನೆ. ಸಿಸಿಟಿವಿ ದೃಶ್ಯ, ಕಾಲ್ ರೆಕಾರ್ಡಿಂಗ್ ಕೋರ್ಟಿಗೆ ಹಾಜರು ಮಾಡುವಾಗ ಈಗಲೂ ಸಿಡಿ, ಡಿವಿಡಿ ಹೊಡೆಸುತ್ತೇವೆ.

ಇದೇ ಚರ್ಚೆಯಲ್ಲಿ ನನ್ನದೂ ಒಂದು ತೊಂದರೆ ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮಲ್ಲಿರುವುದು ಯುಎಸ್‌ಬಿಗೆ ಚುಚ್ಚುವ ತೆಳ್ಳನೆ ಡಿವಿಡಿ ರೈಟರ್. ಡಿಸ್ಕ್ ಹಾಕದೆ ಇದ್ದಾಗ ಕಾಣುತ್ತದೆ. ಖಾಲಿ ಡಿಸ್ಕ್ ಹಾಕಿದ ಕೂಡಲೇ ಟಿಣ್ ಅಂತ ಸದ್ದು ಬಂದು ಮಾಯ. ಮತ್ತೆ ಟಿಣ್ ಅಂತ ಬರುತ್ತದೆ, ಮತ್ತೆ ಹೋಗುತ್ತದೆ.

ಟಿಳಕವಾಡಿ (ಬೆಳಗಾವಿ)
ಗುಮಾಸ್ತರೇ, ಎಲ್ಲಿ ಚುಚ್ಚಿದ್ದೀರಿ? ಕ್ಯಾಬಿನೆಟ್‌ನ ಮುಂದೆಯೋ ಹಿಂದೆಯೋ?

ವಿಜಯಪುರ ಗುಮಾಸ್ತ
ಮುಂದೆ. ಅದೂ ನೇರವಾಗಿ ಅಲ್ಲ, ಒಂದು ಹಬ್ ಹಾಕಿದ್ದೇವೆ. ಪ್ರಿಂಟರ್, ಮೌಸ್, ಡಾಂಗಲ್ ಎಲ್ಲ ಅದಕ್ಕೇ.

ಟಿಳಕವಾಡಿ (ಬೆಳಗಾವಿ)
ಅಲ್ಲೇ ಸಿಕ್ಕಿತು. ಯುಎಸ್‌ಬಿ 2 ಪೋರ್ಟ್ ಒಂದು ಕೊಡಬೇಕಾದ ಕರೆಂಟು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಸುಮ್ನೆ ಕೂತಾಗ ಡ್ರೈವ್ ಜಾಸ್ತಿ ಎಳೆಯುವುದಿಲ್ಲ. ಡಿಸ್ಕ್ ಹಾಕಿದಾಗ ಮೋಟಾರ್ ಎದ್ದು ತಿರುಗಬೇಕು, ಲೇಸರ್ ಹೊತ್ತಬೇಕು, ಆಗ ಒಮ್ಮೆಲೇ ಎಳೆಯುತ್ತದೆ. ಪವರ್ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಆ 500 ಅನ್ನು ನಾಲ್ಕು ಜನ ಹಂಚಿಕೊಂಡಿರುತ್ತಾರೆ. ಡ್ರೈವ್‌ಗೆ ಸಾಲದೆ ರೀಸೆಟ್ ಆಗುತ್ತದೆ, ನಿಮಗೆ ಟಿಣ್ ಅಂತ ಕೇಳುತ್ತದೆ.

ಹಬ್ ತೆಗೆದು ಕ್ಯಾಬಿನೆಟ್ ಹಿಂದಿನ ನೀಲಿ ಪೋರ್ಟ್‌ಗೆ ನೇರವಾಗಿ ಹಾಕಿ. ಡ್ರೈವ್ ಜೊತೆ ಎರಡು ಕಾಲಿನ ಕೇಬಲ್ ಬಂದಿದ್ದರೆ ಎರಡೂ ಚುಚ್ಚಿ. ಉದ್ದನೆ ಎಕ್ಸ್‌ಟೆನ್ಷನ್ ಕೇಬಲ್ ಬೇಡವೇ ಬೇಡ.

ನವನಗರ ವಿಡಿಯೊ (ಬಾಗಲಕೋಟೆ)
ಟಿಳಕವಾಡಿ ಸರ್, ನೋಡಿದೆ. ಹಳದಿ ತ್ರಿಕೋನ ಇದೆ. ಕೋಡ್ 19 ಅಂತ ಇದೆ. ರಿಜಿಸ್ಟ್ರಿಯಲ್ಲಿನ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಮಾಹಿತಿ ಅಪೂರ್ಣ ಇಲ್ಲವೇ ಕೆಟ್ಟಿದೆ, ಅದಕ್ಕೆ ಈ ಹಾರ್ಡ್‌ವೇರ್ ಶುರು ಮಾಡಲು ಆಗುತ್ತಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ. ಹೌದು, ವರ್ಚುವಲ್ ಡ್ರೈವ್ ಸಾಫ್ಟ್‌ವೇರ್ ಇತ್ತು. ಈ ಮಿಷಿನ್ ಮೊದಲು ಬೇರೆಯವರದ್ದು. ಅಪ್‌ಗ್ರೇಡ್ ಮಾಡುವ ಮುಂಚೆ ಅಂಗಡಿಯವರು ಅದನ್ನು ತೆಗೆದಿದ್ದರು.

ಟಿಳಕವಾಡಿ (ಬೆಳಗಾವಿ)
ಹಾಗಾದರೆ ಡ್ರೈವ್ ಗಟ್ಟಿಮುಟ್ಟಾಗಿದೆ, ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ಆಮೇಲೆ ಕೈ ಹಾಕಿ.

ಬರ್ನಿಂಗ್ ಸಾಫ್ಟ್‌ವೇರ್, ವರ್ಚುವಲ್ ಡ್ರೈವ್ ಸಾಫ್ಟ್‌ವೇರ್ ಕೆಲವು ತಮ್ಮದೊಂದು ಚಿಕ್ಕ ಡ್ರೈವರನ್ನು ವಿಂಡೋಸ್ ಮತ್ತು ಡಿಸ್ಕ್ ಡ್ರೈವ್ ನಡುವೆ ಕೂರಿಸುತ್ತವೆ. ಇದಕ್ಕೆ ಫಿಲ್ಟರ್ ಡ್ರೈವರ್ ಅಂತಾರೆ. ಹಳ್ಳದ ಸೇತುವೆ ಮೇಲೆ ಟೋಲ್ ಗೇಟ್ ಇಟ್ಟ ಹಾಗೆ, ಪ್ರತಿ ಮಾತೂ ಅದನ್ನು ದಾಟಿಯೇ ಹೋಗಬೇಕು. ಸಾಫ್ಟ್‌ವೇರ್ ತೆಗೆದಾಗ ಡ್ರೈವರ್ ಫೈಲ್ ಹೋಗುತ್ತದೆ, ಆದರೆ ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿದುಬಿಡುತ್ತದೆ. ವಿಂಡೋಸ್ ಆ ಹೆಸರಿನ ಡ್ರೈವರ್ ಹುಡುಕುತ್ತದೆ, ಸಿಗುವುದಿಲ್ಲ, ಇಡೀ ಡ್ರೈವನ್ನೇ ಶುರು ಮಾಡದೆ ನಿಲ್ಲಿಸುತ್ತದೆ. ಕೋಡ್ 19, 31, 32, 39, 41 ಬಂದಾಗೆಲ್ಲ ಈ ಅನುಮಾನ ಇರಲಿ. ಅಪ್‌ಗ್ರೇಡ್ ಮಾಡುವಾಗ ಹಳೇ ರಿಜಿಸ್ಟ್ರಿ ಹೊಸದಕ್ಕೆ ಹರಿದು ಬರುತ್ತದೆ, ಅದರ ಜೊತೆ ಈ ಕಸವೂ ಬಂದಿದೆ.

ಮಾಡುವುದು ಹೀಗೆ. ಅಡ್ಮಿನಿಸ್ಟ್ರೇಟರ್ ಆಗಿ ರೆಜ್‌ಎಡಿಟ್ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್ ಒಳಗೆ ಸಿಸ್ಟಮ್, ಅದರೊಳಗೆ ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್. ಅಲ್ಲಿ ಆವರಣ ಚಿಹ್ನೆಯ ಉದ್ದುದ್ದ ಹೆಸರಿನ ಸಾಲು ಸಾಲು ಫೋಲ್ಡರ್ ಇರುತ್ತವೆ. ನಿಮಗೆ ಬೇಕಾದ್ದು 4ಡಿ36ಇ965 ಅಂತ ಶುರುವಾಗುವುದು. ಅದನ್ನು ಒತ್ತಿದರೆ ಬಲಗಡೆ ಕ್ಲಾಸ್ ಅನ್ನುವುದರ ಎದುರು ಸಿಡಿರೋಮ್ ಅಂತ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಇದ್ದರೆ ಮೊದಲು ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಬಲಗಡೆ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅಂತ ಇದ್ದರೆ ಅವೆರಡನ್ನು ಮಾತ್ರ ಅಳಿಸಿ, ಮಿಷಿನ್ ರೀಸ್ಟಾರ್ಟ್ ಮಾಡಿ. ಕೊನೆಯಲ್ಲಿ ಬಿಎಕೆ ಅಂತ ಇರುವುದು ಕಂಡರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಹಳೇ ಪೆಂಟಿಯಂ (ಬೆಳಗಾವಿ)
ಇದಕ್ಕೆ ನಾನು ಒಂದು ಎಚ್ಚರಿಕೆ ಸೇರಿಸಲೇಬೇಕು. ಪಕ್ಕದಲ್ಲೇ 4ಡಿ36ಇ967 ಇರುತ್ತದೆ. ಅದು ಹಾರ್ಡ್ ಡಿಸ್ಕ್. ಅಲ್ಲೂ ಅಪ್ಪರ್‌ಫಿಲ್ಟರ್ಸ್ ಇರುತ್ತದೆ, ಅದರಲ್ಲಿ ಪಾರ್ಟ್‌ಎಂಜಿಆರ್ ಅಂತ ಬರೆದಿರುತ್ತದೆ. ಅದನ್ನು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಇನ್ನು 96ಬಿ ಕೀಬೋರ್ಡ್, 96ಎಫ್ ಮೌಸ್. ಅಲ್ಲಿ ಅಳಿಸಿದರೆ ಕೀಬೋರ್ಡ್, ಮೌಸ್ ಎರಡೂ ಸತ್ತ ಹಾಗೆ, ಪಾಸ್‌ವರ್ಡ್ ಹಾಕಲೂ ಬರುವುದಿಲ್ಲ. ನೆಟ್‌ನಲ್ಲಿ ಫಿಲ್ಟರ್ಸ್ ಅಂತ ಸರ್ಚ್ ಮಾಡಿ ಸಿಕ್ಕಿದ್ದನ್ನೆಲ್ಲ ಅಳಿಸಿ ಅಂತ ಬರೆಯುವವರಿದ್ದಾರೆ. ಅವರ ಮಾತು ಕೇಳಬೇಡಿ. ಕೊನೆಯ ಅಂಕಿ 5 ಇದೆಯಾ ಅಂತ ಕಣ್ಣಿಟ್ಟು ನೋಡಿ.

ಬಾದಾಮಿ ಬಿಟ್ಸ್
ನನ್ನ ಅಭಿಪ್ರಾಯದಲ್ಲಿ ರಿಜಿಸ್ಟ್ರಿಗೆ ಕೈ ಹಾಕುವ ಮೊದಲು ಸುಲಭದ್ದು ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್. ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿ ಹೋಗಿದೆ.

ಟಿಳಕವಾಡಿ (ಬೆಳಗಾವಿ)
ಮಾಡಬಹುದು, ತಪ್ಪಿಲ್ಲ. ಆದರೆ ಫಿಲ್ಟರ್ ಹೆಸರು ಇರುವುದು ಕ್ಲಾಸ್ ಫೋಲ್ಡರ್‌ನಲ್ಲಿ, ಆ ಒಂದು ಡ್ರೈವ್‌ನ ಹೆಸರಿನಲ್ಲಿ ಅಲ್ಲ. ಡ್ರೈವ್ ತೆಗೆದು ಹಾಕಿದರೂ ಹೊಸದಾಗಿ ಬಂದ ಡ್ರೈವರ್ ಅದೇ ಗೇಟಿಗೆ ಬಂದು ನಿಲ್ಲುತ್ತದೆ. ಹೊಸ ಡ್ರೈವ್ ಕೊಂಡು ಹಾಕಿದರೂ ಕೋಡ್ 19 ಬರುತ್ತದೆ. ಅದಕ್ಕೇ ಹೊಸದು ಹಾಕಿಸಿ ಅನ್ನುವ ಮಾತು ಕೇಳಿ ನನಗೆ ಸಿಟ್ಟು ಬರುವುದು. ಜನ ದುಡ್ಡು ಕೊಟ್ಟು ಬರುತ್ತಾರೆ, ತೊಂದರೆ ಹಾಗೇ ಇರುತ್ತದೆ.

ಬಾದಾಮಿ ಬಿಟ್ಸ್
ಅದು ಸರಿ. ಕೋಡ್ 19ಕ್ಕೆ ನಿಮ್ಮದೇ ದಾರಿ. ಹಳದಿ ಗುರುತೂ ಇಲ್ಲ, ಡ್ರೈವ್‌ನ ಹೆಸರೂ ಇಲ್ಲ ಅಂದಾಗ ರಿಜಿಸ್ಟ್ರಿಯ ಅಟಾಪಿ ಕಂಟ್ರೋಲರ್0 ಅಡಿಯಲ್ಲಿ ಎನಮ್‌ಡಿವೈಸ್1 ಅಂತ ಸೇರಿಸಿ 1 ಕೊಡುವುದು ಇದೆಯಲ್ಲ, ಮೈಕ್ರೋಸಾಫ್ಟ್‌ನವರೇ ಹೇಳಿದ್ದು, ಅದು ಬೇರೆ ರೋಗಕ್ಕೆ.

ಪೆಂಗ್ವಿನ್ (ಗೋಕಾಕ)
ಡ್ರೈವ್ ಕೆಟ್ಟಿದೆಯೋ ವಿಂಡೋಸ್ ಕೆಟ್ಟಿದೆಯೋ ಅಂತ ತಿಳಿಯಲು ಇನ್ನೂ ಒಳ್ಳೆಯ ದಾರಿ ಇದೆ. ಪೆನ್ ಡ್ರೈವ್‌ಗೆ ಉಬುಂಟು ಇಲ್ಲವೇ ಮಿಂಟ್ (ಎರಡೂ ಲಿನಕ್ಸ್) ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ. ಎಸ್‌ಆರ್0 ಅಂತ ಡ್ರೈವ್ ಕಂಡು ಒಂದು ಡಿಸ್ಕ್ ಓದಿದರೆ ಹಾರ್ಡ್‌ವೇರ್ ಗಟ್ಟಿ. ಹಾರ್ಡ್ ಡಿಸ್ಕ್‌ನಲ್ಲಿರುವ ಏನನ್ನೂ ಅದು ಮುಟ್ಟುವುದಿಲ್ಲ. ಬ್ರಸೆರೊ, ಕೆ3ಬಿ ಎರಡೂ ಉಚಿತ ಬರ್ನಿಂಗ್ ಸಾಫ್ಟ್‌ವೇರ್, ಅಲ್ಲೇ ಬರ್ನ್ ಕೂಡ ಮಾಡಬಹುದು.

ಲಿನಕ್ಸ್‌ನಲ್ಲೂ ಸಾಫ್ಟ್‌ವೇರ್‌ಗೆ ಡ್ರೈವ್ ಕಾಣದೆ ಇರುವುದುಂಟು. ಅಲ್ಲಿ ಕಾರಣ ಸಾಮಾನ್ಯವಾಗಿ ಅನುಮತಿ. ನಿಮ್ಮ ಯೂಸರ್ ಸಿಡಿರೋಮ್ ಗುಂಪಿನಲ್ಲಿ ಇರಬೇಕು. ಸೇರಿಸಿ, ಲಾಗೌಟ್ ಮಾಡಿ ಬನ್ನಿ. ಕೆ3ಬಿಯಲ್ಲಿ ವೋಡಿಮ್, ಗ್ರೋಐಎಸ್‌ಒಎಫ್‌ಎಸ್ ಇಲ್ಲ ಅಂತ ಗೊಣಗಿದರೆ ಅವನ್ನೂ ಹಾಕಿಕೊಳ್ಳಿ. ಕೆ3ಬಿ ಮುಂದೆ ಕಾಣುವ ಮುಖ ಅಷ್ಟೇ, ರೈಟ್ ಮಾಡುವುದು ಅವು.

ಜೋಳದ ರೊಟ್ಟಿ
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. ಲಿನಕ್ಸ್‌ಗೆ ಹೋಗುವುದೇ ಒಳ್ಳೆಯದು ಅಲ್ವಾ?

ಅಮೀನಗಡ ಅಕ್ಕ
ಅವರ ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ವಿಂಡೋಸ್‌ನಲ್ಲಿ ಇರುತ್ತದೆ ತಮ್ಮಾ. ಹಂಗಾಮಿನ ನಡುವೆ ಅದನ್ನೆಲ್ಲ ಬದಲಿಸು ಅಂದರೆ ಹೇಗೆ? ಪೆಂಗ್ವಿನ್ ಅವರೇ, ಗೋಕಾಕದವರು ಅಂದಿರಿ. ಕರದಂಟು ಕಳಿಸಿ, ನಮ್ಮ ಅಮೀನಗಡದ್ದರ ಪಕ್ಕ ಇಟ್ಟು ನೋಡುತ್ತೇವೆ.

ಪೆಂಗ್ವಿನ್ (ಗೋಕಾಕ)
ಅಕ್ಕಾ, ಹೋಲಿಸುವ ಮಾತೇ ಇಲ್ಲ. ಗೋಕಾಕದ್ದೇ ಗೋಕಾಕದ್ದು.

ಬಾದಾಮಿ ಬಿಟ್ಸ್
ಅಮೀನಗಡದ್ದರಲ್ಲಿ ಅಂಟು, ಡ್ರೈಫ್ರೂಟ್ ಜಾಸ್ತಿ. ನಾನು ಅಕ್ಕನ ಕಡೆ.

ಟಿಳಕವಾಡಿ (ಬೆಳಗಾವಿ)
ಇಬ್ಬರೂ ಬೆಳಗಾವಿಗೆ ಬನ್ನಿ, ಕುಂದಾ ಕೊಡಿಸುತ್ತೇನೆ. ಈಗ ಡ್ರೈವ್ ಕಡೆ ಬರೋಣ.

ವಿಜಯಪುರ ಗುಮಾಸ್ತ
ಹಬ್ ತೆಗೆದು ಹಿಂದಿನ ನೀಲಿ ಪೋರ್ಟ್‌ಗೆ ಹಾಕಿದೆ. ಟಿಣ್ ಟಿಣ್ ನಿಂತಿತು. ಡಿಸ್ಕ್ ಹಾಕಿದರೂ ಡ್ರೈವ್ ಕಾಣುತ್ತಿದೆ, ಒಂದು ಸಿಡಿ ರೈಟ್ ಆಯಿತು. ದೊಡ್ಡ ಉಪಕಾರ ಸರ್. ಆದರೆ ಡಿವಿಡಿ ಹಾಕಿದರೆ ಡಿಸ್ಕ್ ಇಲ್ಲ ಅನ್ನುತ್ತದೆ. ಸಿಡಿ ಆಗುತ್ತದೆ, ಡಿವಿಡಿ ಆಗುವುದಿಲ್ಲ, ಇದು ಹೇಗೆ?

ಹಳೇ ಪೆಂಟಿಯಂ (ಬೆಳಗಾವಿ)
ಇದು ಆಗುವಂಥದ್ದೇ. ಸಿಡಿಗೆ ಬೇರೆ ಲೇಸರ್, ಡಿವಿಡಿಗೆ ಬೇರೆ ಲೇಸರ್. ಸಿಡಿಯದ್ದು 780 ನ್ಯಾನೊಮೀಟರ್, ಕಣ್ಣಿಗೆ ಹೆಚ್ಚು ಕಡಿಮೆ ಕಾಣದ್ದು. ಡಿವಿಡಿಯದ್ದು 650, ಕೆಂಪು. ಬ್ಲೂ-ರೇಯದ್ದು 405. ಒಂದು ಹೋಗಿ ಇನ್ನೊಂದು ಉಳಿಯಬಹುದು. ಆದರೆ ಅದಕ್ಕೂ ಮೊದಲು ಡ್ರೈವ್‌ನ ಹೆಸರು ಓದಿ. ಹೆಸರಿನಲ್ಲಿ ಡಿವಿಡಿ-ರ್ಯಾಮ್ ಅಥವಾ ಡಿವಿಡಿ-ಆರ್‌ಡಬ್ಲ್ಯು ಅಂತ ಇದ್ದರೆ ರೈಟರ್. ಬರೀ ಡಿವಿಡಿ-ರೋಮ್ ಅಂತ ಇದ್ದರೆ ಓದುವುದು ಮಾತ್ರ. ಹಳೇ ಕಾಂಬೊ ಡ್ರೈವ್‌ಗಳು ಸಿಡಿ ರೈಟ್ ಮಾಡುತ್ತವೆ, ಡಿವಿಡಿ ಓದುತ್ತವೆ ಅಷ್ಟೇ. ಆ ಡ್ರೈವ್‌ನಲ್ಲಿ ಡಿವಿಡಿ ರೈಟ್ ಮಾಡಲು ಯಾವ ಸಾಫ್ಟ್‌ವೇರ್ ತಂದರೂ ಆಗದು.

ಇನ್ನು ಧೂಳು. ನಿಮ್ಮ ವಿಜಯಪುರದ ಬೇಸಿಗೆ ಧೂಳು ನನಗೆ ಗೊತ್ತು. ತೆಳ್ಳನೆ ಡ್ರೈವ್‌ನಲ್ಲಿ ಟ್ರೇ ಜೊತೆ ಲೆನ್ಸೂ ಹೊರಗೆ ಬರುತ್ತದೆ, ಗಾಜಿನ ಹನಿಯಷ್ಟು ಚಿಕ್ಕದು, ಸ್ವಲ್ಪ ನೀಲಿ ಹೊಳಪು. ಕ್ಯಾಮೆರಾದ ಗಾಳಿ ಬಲ್ಬ್‌ನಿಂದ ಊದಿ. ಹೋಗದಿದ್ದರೆ ಹತ್ತಿ ಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಹಚ್ಚಿ, ಒತ್ತದೆ, ಒಂದೇ ಕಡೆಗೆ ಸವರಿ. ಅದು ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಮುಗಿಯಿತು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ವಿಜಯಪುರ ಗುಮಾಸ್ತ
ಹೆಸರಿನಲ್ಲಿ ಡಿವಿಡಿ-ರ್ಯಾಮ್ ಅಂತ ಇದೆ. ಸಾಯಂಕಾಲ ಲೆನ್ಸ್ ಒರೆಸಿ ನೋಡುತ್ತೇನೆ.

ನವನಗರ ವಿಡಿಯೊ (ಬಾಗಲಕೋಟೆ)
ಸರ್!! ಬಂತು! 965ರಲ್ಲಿ ಅಪ್ಪರ್‌ಫಿಲ್ಟರ್ಸ್ ಇತ್ತು, ಅದರೊಳಗೆ ಆ ತೆಗೆದುಹಾಕಿದ ಸಾಫ್ಟ್‌ವೇರಿನದೇ ಹೆಸರು. ಎಕ್ಸ್‌ಪೋರ್ಟ್ ಮಾಡಿಟ್ಟು ಅಳಿಸಿ ರೀಸ್ಟಾರ್ಟ್ ಮಾಡಿದೆ. ಹಳದಿ ಗುರುತು ಹೋಯಿತು. ದಿಸ್ ಪಿಸಿಯಲ್ಲಿ ಡ್ರೈವ್ ಬಂದು ಕೂತಿದೆ, ಹಳೇ ಮದುವೆ ಡಿವಿಡಿ ಒಂದು ಹಾಕಿದೆ, ಓದಿತು.

ಆದರೆ ನನ್ನ ಹಳೇ ಬರ್ನಿಂಗ್ ಸಾಫ್ಟ್‌ವೇರ್ ಇನ್ನೂ ರೆಕಾರ್ಡರ್ ಇಲ್ಲ ಅನ್ನುತ್ತಿದೆ. ವಿಂಡೋಸ್‌ಗೆ ಕಂಡಿತಲ್ಲ, ಇದಕ್ಕೆ ಏನಾಗಿದೆ?

ಟಿಳಕವಾಡಿ (ಬೆಳಗಾವಿ)
ಭಲೇ! ಅರ್ಧಕ್ಕಿಂತ ಜಾಸ್ತಿ ಗೆದ್ದಿದ್ದೀರಿ. ಇನ್ನು ಉಳಿದದ್ದು ಸಾಫ್ಟ್‌ವೇರಿನ ದಾರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಐ/ಒ ಅಥವಾ ಇಂಟರ್‌ಫೇಸ್ ಅಂತ ಹುಡುಕಿ. ಆಸ್ಪಿ ಅಂತ ಇದೆಯಾ?

ನವನಗರ ವಿಡಿಯೊ (ಬಾಗಲಕೋಟೆ)
ಹೌದು, ಆಸ್ಪಿ ಅಂತಲೇ ಇದೆ.

ಟಿಳಕವಾಡಿ (ಬೆಳಗಾವಿ)
ಆಸ್ಪಿ ಅಂದರೆ ಸಾಫ್ಟ್‌ವೇರ್ ಡ್ರೈವ್ ಜೊತೆ ಮಾತಾಡಲು ಅಡಾಪ್ಟೆಕ್ ಕಂಪನಿ ಸ್ಕಜಿ (ಡ್ರೈವ್ ಜೋಡಿಸುವ ಹಳೇ ಪದ್ಧತಿ) ಕಾಲದಲ್ಲಿ ಮಾಡಿದ ದಾರಿ. ವಿಂಡೋಸ್ 98ರ ಹೊತ್ತಿಗೆ ಅದೇ ಹೆದ್ದಾರಿ. ಈಗಿನ 64 ಬಿಟ್ ವಿಂಡೋಸ್ ಜೊತೆ ಅದು ಬರುವುದೇ ಇಲ್ಲ. ಎಸ್‌ಪಿಟಿಐ ಅಂತ ಇನ್ನೊಂದು ಇರುತ್ತದೆ, ವಿಂಡೋಸ್‌ನದೇ. ಅದನ್ನು ಆರಿಸಿ ಸಾಫ್ಟ್‌ವೇರ್ ಮುಚ್ಚಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆಯಿರಿ. ಸಾಧಾರಣ ಯೂಸರ್ ಆಗಿ ತೆರೆದರೆ ಎಸ್‌ಪಿಟಿಐ ಬಾಗಿಲು ತೆಗೆಯುವುದಿಲ್ಲ.

ಆಗಲಿಲ್ಲ ಅಂದರೆ ಇಮ್ಗ್‌ಬರ್ನ್ ಹಾಕಿಕೊಳ್ಳಿ. 2013ರಲ್ಲಿ ಬಂದ 2.5.8.0 ಅದರ ಕೊನೆಯ ಆವೃತ್ತಿ, ಹಳೆಯದಾದರೂ ಗಟ್ಟಿ. ಅದರಲ್ಲಿ ಫಿಲ್ಟರ್ ಡ್ರೈವರ್ ಲೋಡ್ ಆರ್ಡರ್ ಅಂತ ಇದೆ, ನಡುವೆ ಯಾರು ಕೂತಿದ್ದಾರೆ ಅಂತ ರಿಜಿಸ್ಟ್ರಿ ತೆರೆಯದೆಯೇ ತೋರಿಸುತ್ತದೆ. ಬರೀ ಐಎಸ್‌ಒ ರೈಟ್ ಮಾಡುವುದಾದರೆ ಏನೂ ಬೇಡ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರ್ನ್ ಡಿಸ್ಕ್ ಇಮೇಜ್ ಅಂತ ವಿಂಡೋಸ್ 7ರಿಂದಲೇ ಇದೆ.

ನವನಗರ ವಿಡಿಯೊ (ಬಾಗಲಕೋಟೆ)
ಎಸ್‌ಪಿಟಿಐ ಕೊಟ್ಟ ಕೂಡಲೇ ಡ್ರೈವ್‌ನ ಹೆಸರು ಬಂತು. ಈಗ ಕೊನೆಯ ಪ್ರಶ್ನೆ. ಆಟದ ಎಂಪಿ4 ಫೈಲ್‌ಗಳನ್ನು ಡೇಟಾ ಡಿಸ್ಕ್ ಆಗಿ ರೈಟ್ ಮಾಡಿದರೆ ಅವರ ಹಳೇ ಪ್ಲೇಯರ್‌ನಲ್ಲಿ ಓಡುತ್ತದಾ?

ಬಾದಾಮಿ ಬಿಟ್ಸ್
ಓಡದೇ ಇರುವ ಸಂಭವವೇ ಜಾಸ್ತಿ. ಹಳೇ ಪ್ಲೇಯರ್‌ಗೆ ಡಿವಿಡಿ-ವಿಡಿಯೊ ಬೇಕು. ಅಂದರೆ ವಿಡಿಯೊ ಟಿಎಸ್ ಫೋಲ್ಡರ್, ಅದರೊಳಗೆ ಎಂಪೆಗ್-2 ವಿಡಿಯೊ, ನಮ್ಮ ಕಡೆಯ ಟಿವಿ ಪದ್ಧತಿ ಪಾಲ್, ಅದರ ಅಳತೆ 720×576. ಡಿವಿಡಿಸ್ಟೈಲರ್ ಉಚಿತ, ಎಂಪಿ4 ಕೊಟ್ಟರೆ ಅದೇ ಬದಲಿಸಿ ಮೆನು ಸಮೇತ ಮಾಡಿಕೊಡುತ್ತದೆ. ಮಿನಿ ಡಿವಿ ಕೂಡ 720×576 ಆದ್ದರಿಂದ ಚಿತ್ರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕ್ಯಾಸೆಟ್‌ನಿಂದ ಇಳಿಸಿದ ಮೂಲ ಡಿವಿ ಫೈಲ್ ಇದ್ದರೆ ಎಂಪಿ4 ಬಿಟ್ಟು ಅದನ್ನೇ ಕೊಡಿ, ಒಂದು ಸಲ ಬದಲಿಸುವಾಗಿನ ಗುಣಮಟ್ಟದ ನಷ್ಟ ತಪ್ಪುತ್ತದೆ.

ಡಬ್ಬಿ ಮೇಲೆ 4.7 ಜಿಬಿ ಅಂತ ಇದ್ದರೂ ವಿಂಡೋಸ್ ಲೆಕ್ಕದಲ್ಲಿ 4.38. ಒಂದು ಡಿಸ್ಕ್‌ಗೆ 2 ಗಂಟೆ ಕೂರಿಸಿದರೆ ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಸಿಗುವ ಡೇಟಾ) 5 ಎಂಬಿಪಿಎಸ್ ಹತ್ತಿರ ಬರುತ್ತದೆ. ರಾತ್ರಿ ದೀಪದ ಬೆಳಕು, ಧೂಳು, ಕುಣಿತ ಇರುವ ವಿಡಿಯೊಗೆ ಅದಕ್ಕಿಂತ ಕೆಳಗೆ ಇಳಿಸಬೇಡಿ, ಮುಖವೆಲ್ಲ ಚೌಕ ಚೌಕವಾಗುತ್ತದೆ. ರಾತ್ರಿಯಿಡೀ ಆಟ ಅಂದರೆ ನಾಲ್ಕು ಡಿಸ್ಕ್ ಆದರೂ ಬೇಕು.

ಹಳೇ ಪೆಂಟಿಯಂ (ಬೆಳಗಾವಿ)
ಡಿಸ್ಕ್ ಮುರಿಯುವ ಜಾಗ ನೋಡಿ ಮಾಡಿ. ಸಾರಥಿ ಮಾತಾಡಿಸುವಾಗ, ಪಾತ್ರ ತನ್ನ ಪ್ರತಾಪ ಹೇಳುವ ನಡುವೆ ಕತ್ತರಿಸಬೇಡಿ. ಒಬ್ಬ ಪಾತ್ರಧಾರಿ ಒಳಗೆ ಹೋದ ಮೇಲೆ, ಹಿಮ್ಮೇಳ ನಿಂತಾಗ ಕತ್ತರಿಸಿ. ಮತ್ತೆ ರೈಟ್ ಮಾಡುವಾಗ ಅತಿ ಕಡಿಮೆ ಸ್ಪೀಡ್ ಇಡಿ.

ಪೆಂಗ್ವಿನ್ (ಗೋಕಾಕ)
ಕಾಕಾ, ಅತಿ ಕಡಿಮೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 16 ಎಕ್ಸ್ ಅಂತ ಬರೆದ ಡಿಸ್ಕ್‌ನ ಬಣ್ಣದ ಪದರ ಆ ವೇಗಕ್ಕೆ ಅಂತ ಮಾಡಿದ್ದು. ಬಹಳ ನಿಧಾನ ಮಾಡಿದರೆ ಒಳ್ಳೆಯದಾಗುತ್ತದೆ ಅಂತೇನಿಲ್ಲ. 8 ಎಕ್ಸ್ ಹಿತ. ಎಷ್ಟೋ ಡ್ರೈವ್‌ಗಳು 4 ಎಕ್ಸ್‌ಗಿಂತ ಕೆಳಗೆ ಇಳಿಯುವುದೂ ಇಲ್ಲ.

ಹಳೇ ಪೆಂಟಿಯಂ (ಬೆಳಗಾವಿ)
ಸಿಡಿ ಕಾಲದ ಮಾತು ನನ್ನದು. 8 ಎಕ್ಸ್ ಆಗಲಿ, ತಕರಾರಿಲ್ಲ. ಆದರೆ ವೆರಿಫೈ ಟಿಕ್ ತೆಗೆಯಬಾರದು. ಅದು ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಸಮಯ ಹಿಡಿದರೂ ಹಿಡಿಯಲಿ.

ಪೆನ್ ಡ್ರೈವ್ ಪಾರ್ಟಿ
ಡಿಸ್ಕ್ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮೂಲ ಡಿವಿ ಫೈಲ್‌ಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ರೈಟ್ ಮಾಡಿದ ಡಿವಿಡಿ ಬಿಸಿಲು, ಸೆಕೆಗೆ ಕೆಲವು ವರ್ಷಗಳಲ್ಲೇ ಕೆಡಬಹುದು. ಕ್ಯಾಸೆಟ್ ಮತ್ತೆ ಓದಲು ಕ್ಯಾಮೆರಾ ಸಿಗುವುದೂ ಕಷ್ಟ ಆಗುತ್ತಿದೆ. ಇದಂತೂ ಕಳೆದುಹೋಗಬಾರದ ವಸ್ತು.

ನವನಗರ ವಿಡಿಯೊ (ಬಾಗಲಕೋಟೆ)
ಪಾರ್ಟಿಯವರೇ, ಈ ಮಾತು ಒಪ್ಪಿದೆ. ಎರಡನೇ ಹಾರ್ಡ್ ಡಿಸ್ಕ್‌ಗೆ ಈಗಲೇ ಕಾಪಿ ಹಚ್ಚಿದ್ದೇನೆ. ಮೊದಲ ಡಿಸ್ಕ್ 8 ಎಕ್ಸ್‌ನಲ್ಲಿ ರೈಟ್ ಆಯಿತು, ವೆರಿಫೈ ಕೂಡ ಪಾಸ್. ಸ್ಟುಡಿಯೊದ ಹಳೇ ಪ್ಲೇಯರ್‌ಗೆ ಹಾಕಿದೆ, ಮೆನು ಬಂತು, ಆಟ ಓಡಿತು. ಟಿಳಕವಾಡಿ ಸರ್, ಪೆಂಟಿಯಂ ಕಾಕಾ, ಎಲ್ಲರಿಗೂ ಮನಸಾರೆ ಧನ್ಯವಾದ. ಉಳಿದ ಸೆಟ್‌ಗಳನ್ನು ಇನ್ನು ಸಾಲಾಗಿ ಹಚ್ಚುತ್ತೇನೆ.

ವಿಜಯಪುರ ಗುಮಾಸ್ತ
ನನ್ನದೂ ಆಯಿತು. ಲೆನ್ಸ್ ಮೇಲೆ ತೆಳ್ಳಗೆ ಮಬ್ಬು ಕೂತಿತ್ತು. ಒರೆಸಿದ ಮೇಲೆ ಡಿವಿಡಿ ಹಿಡಿಯಿತು. ಇನ್ನೊಂದು ಕೇಳಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಬದಲು ಇದರ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲ್‌ನ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ಬರೆಯಲು ಜಾಗ ಇದೆ. ಡಿಸ್ಕ್‌ಗೆ ಹಾಕಿದ ಫೈಲ್‌ನ ಹ್ಯಾಶ್ ತೆಗೆಯುವುದು ಹೇಗೆ? ಬೇರೆ ಸಾಫ್ಟ್‌ವೇರ್ ಬೇಕಾ?

ಪೆಂಗ್ವಿನ್ (ಗೋಕಾಕ)
ಬೇಡ, ವಿಂಡೋಸ್‌ನಲ್ಲೇ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಸರ್ಟ್‌ಯುಟಿಲ್, ಒಂದು ಸ್ಪೇಸ್, ಅಡ್ಡಗೆರೆ ಹಾಕಿ ಹ್ಯಾಶ್‌ಫೈಲ್, ಆಮೇಲೆ ಫೈಲ್‌ನ ಹೆಸರು, ಕೊನೆಗೆ ಎಸ್‌ಎಚ್‌ಎ256. 64 ಅಕ್ಷರದ ಸಾಲು ಬರುತ್ತದೆ. ಹಾರ್ಡ್ ಡಿಸ್ಕ್‌ನ ಫೈಲ್‌ಗೆ ಒಮ್ಮೆ, ರೈಟ್ ಆದ ಮೇಲೆ ಡಿಸ್ಕ್‌ನಲ್ಲಿರುವ ಫೈಲ್‌ಗೆ ಒಮ್ಮೆ ತೆಗೆಯಿರಿ. ಎರಡೂ ಒಂದೇ ಇರಬೇಕು. ರೈಟ್ ಮಾಡುವಾಗ ಡಿಸ್ಕ್ ಫೈನಲೈಸ್ ಮಾಡಿ, ಆಮೇಲೆ ಅದಕ್ಕೆ ಏನೂ ಸೇರಿಸಲು ಬರುವುದಿಲ್ಲ.

ವಿಜಯಪುರ ಗುಮಾಸ್ತ
ತೆಗೆದೆ, ಎರಡೂ ಒಂದೇ ಬಂತು. ಪ್ರಮಾಣಪತ್ರದ ಕರಡಿಗೆ ಕಾಪಿ ಮಾಡಿಕೊಂಡೆ, ಸಾಹೇಬರಿಗೆ ತೋರಿಸಿ ನಾಳೆ ಹಾಜರು ಮಾಡುತ್ತೇವೆ.